ಹಿಟ್ಟು ತಿಗಣೆಯ ವೈರಿ: ಒಂದು ಕಿರುಕಣಜಕ್ಕೆ ಹೆಸರಿಟ್ಟ ಬಗೆ



ಈ ಸಂಚಿಕೆಯ ಪಾಠಕ್ಕೆ ನಾವು ಮಲೆನಾಡನ್ನು ಬಿಟ್ಟು ರಾಯಚೂರು ಸೀಮೆಯ ಹತ್ತಿ ಹೊಲಕ್ಕೆ ಹೋಗಬೇಕಾಗಿದೆ. ಕಾಫಿ, ಅಡಿಕೆಯವರಿಗೆ ಹತ್ತಿಯ ಹುಳುವಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಕಾಫಿ ಗಿಡದ ಗೆಣ್ಣಿನಲ್ಲಿ ಬೆಳ್ಳಗೆ ಕೂರುವ ಹಿಟ್ಟು ತಿಗಣೆಗೂ ಹತ್ತಿಯ ಹಿಟ್ಟು ತಿಗಣೆಗೂ ದಾಯಾದಿ ಸಂಬಂಧವಿದೆ. ಎರಡನ್ನೂ ಕೊಲ್ಲುವ ಕಿರುಕಣಜಗಳೂ ಒಂದೇ ಬಳಗದವು. ಅಲ್ಲಿ ನಡೆದದ್ದರಿಂದ ನಾವು ಕಲಿಯಬೇಕಾದ್ದು ಬಹಳವಿದೆ.

ಹತ್ತಿಗೆ ಬಂದ ಬಿಳಿ ಪೀಡೆ

ಫೆನಾಕಾಕಸ್ ಸೊಲೆನಾಪ್ಸಿಸ್ ಎಂಬ ಹಿಟ್ಟು ತಿಗಣೆ ಮೂಲತಃ ಅಮೆರಿಕದ್ದು. ಅಲ್ಲಿ 1898ರಲ್ಲಿಯೇ ಅದಕ್ಕೆ ಹೆಸರಿಡಲಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಅದು ಪಾಕಿಸ್ತಾನದಲ್ಲಿಯೂ ನಮ್ಮ ಗುಜರಾತ್, ಪಂಜಾಬ್‌ಗಳಲ್ಲಿಯೂ ಹತ್ತಿಗೆ ಬಿದ್ದು ಭಾರಿ ನಷ್ಟ ಮಾಡಿತು. 2008ರ ವೇಳೆಗೆ ರಾಯಚೂರಿನ ಕೃಷಿ ವಿಜ್ಞಾನಿಗಳು ತುಂಗಭದ್ರಾ ಅಚ್ಚುಕಟ್ಟಿನ ಹತ್ತಿಯಲ್ಲಿಯೂ ಇದನ್ನು ಕಂಡಿದ್ದರು. ಮಾನ್ವಿಯ ಕಾಲುವೆ ನೀರಿನ ಹೊಲವಾಗಲಿ, ದೇವದುರ್ಗದ ಎರೆ ಹೊಲವಾಗಲಿ, ಹತ್ತಿಯೇ ಹಣದ ಬೆಳೆಯಾದ ಮನೆಗೆ ಇಂಥ ಪೀಡೆ ಸಣ್ಣ ಮಾತಲ್ಲ.

ಈ ತಿಗಣೆಯ ಮೈಮೇಲೆ ಮೇಣದ ಹಿಟ್ಟು ಇರುವುದರಿಂದ ಸಿಂಪಡಿಸಿದ ಔಷಧ ಸುಲಭವಾಗಿ ತಾಗುವುದಿಲ್ಲ. ಒಂದೊಂದು ಹೆಣ್ಣೂ ನೂರಾರು ಮರಿಗಳನ್ನು ಕೊಡುತ್ತದೆ. ಹತ್ತಿ ಕಿತ್ತ ಮೇಲೆ ಬದುವಿನ ಪಾರ್ಥೇನಿಯಂ, ಹಿತ್ತಲಿನ ಬೆಂಡೆ, ದಾಸವಾಳಗಳ ಮೇಲೆ ಉಳಿದುಕೊಂಡು ಮುಂದಿನ ಬೆಳೆಗೆ ಕಾಯುತ್ತದೆ.

ಸತ್ತ ತಿಗಣೆಯಿಂದ ಹೊರಬಂದ ಜೀವ

2008ರ ಸುಮಾರಿಗೆ ಉತ್ತರ ಭಾರತದ ಹತ್ತಿ ಹೊಲಗಳಲ್ಲಿ ಒಂದು ವಿಶೇಷ ಕಂಡುಬಂತು. ಬಿಳಿ ತಿಗಣೆಗಳ ನಡುವೆ ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ, ಪೀಪಾಯಿಯ ಹಾಗೆ ಗಟ್ಟಿಯಾದ ತಿಗಣೆಗಳಿದ್ದವು. ಇವಕ್ಕೆ ‘ಮಮ್ಮಿ’ ಎನ್ನುತ್ತಾರೆ. ಅವುಗಳನ್ನು ಗಾಜಿನ ನಳಿಗೆಯಲ್ಲಿ ಹಾಕಿ ಹತ್ತಿಯಿಂದ ಬಾಯಿ ಮುಚ್ಚಿ ಇಟ್ಟಾಗ, ಒಂದೊಂದರಿಂದಲೂ ದುಂಡಗೆ ತೂತು ಕೊರೆದು ಒಂದೊಂದು ಕರಿಯ ಕಣಜ ಹೊರಬಂತು. ಉದ್ದ ಎರಡು ಮಿಲಿಮೀಟರಿನ ಆಸುಪಾಸು. ಮನುಷ್ಯರಿಗೆ ಕಚ್ಚುವ ಜಾತಿಯಲ್ಲ.

ಇದರ ಹೆಣ್ಣು ಅರೆಬೆಳೆದ ತಿಗಣೆಯ ಮೈಯೊಳಕ್ಕೆ ಒಂದು ಮೊಟ್ಟೆ ಇಡುತ್ತದೆ. ಮರಿಹುಳು ತಿಗಣೆಯನ್ನು ಒಳಗಿನಿಂದಲೇ ತಿಂದು ಬೆಳೆದು, ಸುಮಾರು ಎರಡು ವಾರದಲ್ಲಿ ಕಣಜವಾಗಿ ಹೊರಬೀಳುತ್ತದೆ. ಹೀಗೆ ಇನ್ನೊಂದು ಕೀಟದಲ್ಲಿ ಬೆಳೆದು ಅದನ್ನು ಕೊಂದೇ ತೀರುವ ಜೀವಿಗೆ ಪರತಂತ್ರ ಜೀವಿ ಎಂದು ಹೆಸರು. ಇದನ್ನು ಯಾರೂ ಹೊರಗಿನಿಂದ ತರಿಸಿ ಬಿಟ್ಟಿರಲಿಲ್ಲ. ತಿಗಣೆಯ ಬೆನ್ನು ಹತ್ತಿ ತಾನಾಗಿಯೇ ಬಂದಿತ್ತು.

ಹೊಸ ಪ್ರಭೇದವೆಂದು ತೀರ್ಮಾನಿಸುವ ಕ್ರಮ

ಕಾಣದ ಹುಳು ಕಂಡಿತೆಂದು ಮನಬಂದ ಹೆಸರಿಡಲು ಬರುವುದಿಲ್ಲ. ಅದಕ್ಕೆ ಕ್ರಮವುಂಟು.

ಮೊದಲನೆಯದಾಗಿ, ಕಣಜವನ್ನು ಮದ್ಯಸಾರದಲ್ಲಿ ಹಾಕಿ ಚೀಟಿ ಬರೆಯಬೇಕು: ಯಾವ ಊರು, ಯಾವ ದಿನ, ಯಾವ ಗಿಡ, ಯಾವ ತಿಗಣೆಯಿಂದ ಬಂತು. ಚೀಟಿಯಿಲ್ಲದ ಹುಳು ಸರ್ವೆ ನಂಬರಿಲ್ಲದ ಜಮೀನಿದ್ದಂತೆ.

ಎರಡನೆಯದಾಗಿ, ಕೆಲವನ್ನು ಸಣ್ಣ ಕಾರ್ಡಿಗೆ ಅಂಟಿಸಿ, ಕೆಲವುಗಳ ಮೀಸೆ, ರೆಕ್ಕೆ, ಕಾಲುಗಳನ್ನು ಬಿಡಿಸಿ ಗಾಜಿನ ಪಟ್ಟಿಯ ಮೇಲೆ ಕೂರಿಸುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಮೀಸೆಯ ಗೆಣ್ಣುಗಳನ್ನು ಎಣಿಸಿ, ಉದ್ದ ಅಗಲ ಅಳೆದು, ತಲೆಯ ಮೇಲಿನ ಕುಳಿಗಳನ್ನೂ ರೆಕ್ಕೆಯ ನರವನ್ನೂ ನೋಡುತ್ತಾರೆ.

ಮೂರನೆಯದಾಗಿ, ಆ ಕುಲದಲ್ಲಿ ಈವರೆಗೆ ಗೊತ್ತಿರುವ ಪ್ರಭೇದಗಳೊಡನೆ ಹೋಲಿಸುತ್ತಾರೆ. ಯಾವುದಕ್ಕೂ ಹೊಂದದಿದ್ದರೆ ಮಾತ್ರ ಹೊಸದೆನ್ನಬಹುದು.

ಕೊನೆಯದಾಗಿ, ಒಂದು ಮಾದರಿಯನ್ನು ‘ಮೂಲ ಮಾದರಿ’ ಎಂದು ಗುರುತಿಸಿ ಸಂಗ್ರಹಾಲಯದಲ್ಲಿ ಇಟ್ಟು, ವರ್ಣನೆಯನ್ನು ಚಿತ್ರಸಮೇತ ಪ್ರಕಟಿಸುತ್ತಾರೆ. ಮುಂದೆ ಯಾರಿಗೆ ಸಂಶಯ ಬಂದರೂ ಆ ಮಾದರಿಯೇ ಸಾಕ್ಷಿ.

ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊಹಮ್ಮದ್ ಹಯಾತ್ ಇಂಥ ಕಿರುಕಣಜಗಳ ಅಧ್ಯಯನದಲ್ಲಿ ದೊಡ್ಡ ಹೆಸರು. ಅವರು 2009ರಲ್ಲಿ ಹತ್ತಿ ತಿಗಣೆಯ ಕಣಜವನ್ನು ವರ್ಣಿಸಿ, ಸಸ್ಯಸಂರಕ್ಷಣಾ ವಿಜ್ಞಾನಿ ಬಂಬಾವಾಲೆಯವರ ಗೌರವಾರ್ಥ ‘ಈನೇಸಿಯಸ್ ಬಂಬಾವಾಲೆಯಿ’ ಎಂದು ಹೆಸರಿಟ್ಟರು. ಹೆಸರು ದೊರೆತೊಡನೆ ಬೇರೆ ಬೇರೆ ರಾಜ್ಯಗಳ ವಿಜ್ಞಾನಿಗಳು ತಮ್ಮಲ್ಲಿಯೂ ಅದೇ ಕಣಜವಿದೆಯೆಂದು ಗುರುತಿಸಿದರು. ನಮ್ಮ ಕರ್ನಾಟಕದಲ್ಲಿಯೂ ಅದು ದಾಖಲಾಯಿತು.

ಹೆಸರು ಬದಲಾದ ಕಥೆ

ಕಥೆ ಅಲ್ಲಿಗೇ ಮುಗಿಯಲಿಲ್ಲ. ಹಳೆಯ ಮಾದರಿಗಳೊಡನೆ ಹೋಲಿಸಿದ ವಿಜ್ಞಾನಿಗಳು, ಇದೂ ಶತಮಾನದ ಹಿಂದೆ ಗಿರಾಲ್ಟ್ ಎಂಬುವರು ಅಮೆರಿಕದ ಅರಿಜೋನಾದ ಹೆಸರಿನಲ್ಲಿ ವರ್ಣಿಸಿದ್ದ ಕಣಜವೂ ಒಂದೇ ಎಂದು 2014ರಲ್ಲಿ ಪ್ರಕಟಿಸಿದರು. ಒಂದೇ ಜೀವಿಗೆ ಎರಡು ಹೆಸರಿದ್ದರೆ ಮೊದಲು ಇಟ್ಟದ್ದು ನಿಲ್ಲಬೇಕೆಂಬುದು ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ನಿಯಮ. ಆದ್ದರಿಂದ ಈಗ ಅದು ‘ಈನೇಸಿಯಸ್ ಅರಿಜೋನೆನ್ಸಿಸ್’.

ಹಾಗಾದರೆ 2009ರ ಶ್ರಮ ವ್ಯರ್ಥವಾಯಿತೇ? ಖಂಡಿತ ಇಲ್ಲ. ವರ್ಣನೆ, ಚಿತ್ರ, ಮಾದರಿ ಎಲ್ಲವೂ ಕ್ರಮಬದ್ಧವಾಗಿ ಇದ್ದುದರಿಂದಲೇ ಹೋಲಿಸಿ ನೋಡಲು ಸಾಧ್ಯವಾಯಿತು. ಜೊತೆಗೆ ಒಂದು ಸಂಗತಿಯೂ ಸ್ಪಷ್ಟವಾಯಿತು: ಪೀಡೆ ಬಂದ ಖಂಡದಿಂದಲೇ ಅದರ ವೈರಿಯೂ ಬಂದಿದೆ.

ಹೆಸರು ತಪ್ಪಿದರೆ ಆಗುವ ನಷ್ಟ

ಇದರ ಬೆಲೆ ಏನೆಂಬುದನ್ನು ಕೀನ್ಯಾದ ಕಾಫಿ ಬೆಳೆಗಾರರು ಅನುಭವಿಸಿದ್ದಾರೆ. 1923ರ ಸುಮಾರಿಗೆ ಅಲ್ಲಿ ಕಾಫಿಗೆ ಹಿಟ್ಟು ತಿಗಣೆ ಬಿತ್ತು. ಅದನ್ನು ಏಷ್ಯಾ ಕಡೆಯ, ಆಗಲೇ ಹೆಸರಿದ್ದ ತಿಗಣೆಯೆಂದು ಭಾವಿಸಿ, ಫಿಲಿಪ್ಪೀನ್ಸ್ ಮುಂತಾದ ಕಡೆಗಳಿಂದ ಅದರ ವೈರಿಗಳನ್ನು ತರಿಸಿದರು. ಯಾವುದೂ ಹಿಡಿಯಲಿಲ್ಲ. 1935ರಲ್ಲಿ ಅದು ಬೇರೆಯೇ ಪ್ರಭೇದವೆಂದು ತಿಳಿದು ‘ಪ್ಲಾನೊಕಾಕಸ್ ಕೀನಿಯೆ’ ಎಂಬ ಹೆಸರು ಬಂತು. ಅದರ ತವರು ಪಕ್ಕದ ಉಗಾಂಡ! ಅಲ್ಲಿಂದ 1938ರಲ್ಲಿ ತಂದ ಕಣಜ ಪೀಡೆಯನ್ನು ಹತೋಟಿಗೆ ತಂದಿತು. ನೆರೆಮನೆಯಲ್ಲಿದ್ದ ಮದ್ದಿಗೆ ಹದಿನೈದು ವರ್ಷ ಹಿಡಿಯಿತು.

ಇದಕ್ಕೆ ಪ್ರತಿಯಾಗಿ ಪಪ್ಪಾಯ ಹಿಟ್ಟು ತಿಗಣೆಯನ್ನು ನೋಡಿ. 2008ರಲ್ಲಿ ಅದು ಕೊಯಮತ್ತೂರಿನಲ್ಲಿ ಕಾಣಿಸಿತು. ಅದರ ವೈರಿಯಾದ ಕಣಜವನ್ನು 2003ರಲ್ಲಿಯೇ ‘ಅಸಿರೊಫೇಗಸ್ ಪಪಾಯೆ’ ಎಂದು ವರ್ಣಿಸಿದ್ದರು. ಹೆಸರು ಹಿಡಿದು ಕೇಳಿ ತರಿಸಲು ಸಾಧ್ಯವಿತ್ತು. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ ಬಿಟ್ಟರು, ಪೀಡೆ ಇಳಿಯಿತು.

ನಮ್ಮ ತೋಟದ ಮಾತೂ ಇದೇ. ಕಾಫಿಯಲ್ಲಿ ಪ್ಲಾನೊಕಾಕಸ್ ಸಿಟ್ರೈ, ಪ್ಲಾನೊಕಾಕಸ್ ಲಿಲಾಸಿನಸ್ ಎಂಬ ಎರಡು ತಿಗಣೆಗಳಿವೆ. 1983ರಲ್ಲಿ ವೆಸ್ಟ್ ಇಂಡೀಸ್‌ನಿಂದ ತಂದ ಲೆಪ್ಟೊಮಾಸ್ಟಿಕ್ಸ್ ಕಣಜ ಮೊದಲನೆಯದಕ್ಕೆ ಒಳ್ಳೆಯ ವೈರಿ. ಎರಡನೆಯದಕ್ಕೆ ಅದನ್ನು ನೆಚ್ಚುವಂತಿಲ್ಲ. ಯಾವ ತಿಗಣೆಯೆಂದು ತಿಳಿಯದೆ ಕಣಜ ತಂದು ಬಿಟ್ಟರೆ ಖರ್ಚು ಮಾತ್ರ ಉಳಿಯುತ್ತದೆ.

ಸದಸ್ಯರು ಮಾಡತಕ್ಕದ್ದು

1. ಹಿಟ್ಟು ತಿಗಣೆ ಕಂಡ ಕೂಡಲೇ ತೋಟಕ್ಕೆಲ್ಲ ಔಷಧ ಹೊಡೆಯಬೇಡಿ. ಮೊದಲು ಭೂತಗನ್ನಡಿ ಹಿಡಿದು ಕಂದು ಮಮ್ಮಿಗಳೂ ದುಂಡು ತೂತುಗಳೂ ಇವೆಯೇ ನೋಡಿ. ಇದ್ದರೆ ಕಣಜ ಕೆಲಸ ಮಾಡುತ್ತಿದೆ. ಹತ್ತಿಯವರಿಗೂ ಇದೇ ಮಾತು.

2. ಸಿಂಪಡಣೆ ಅನಿವಾರ್ಯವಾದರೆ ಪೀಡೆ ಬಿದ್ದ ಗಿಡಗಳಿಗಷ್ಟೇ ಮಾಡಿ. ಮೇಣ ಹೊದ್ದ ತಿಗಣೆ ಉಳಿದೀತು, ಬರಿಮೈಯ ಕಣಜ ಉಳಿಯದು.

3. ಸಿಹಿ ಅಂಟಿನ ಆಸೆಗೆ ಇರುವೆಗಳು ತಿಗಣೆಯನ್ನು ಕಾದು ಕಣಜವನ್ನು ಓಡಿಸುತ್ತವೆ. ಇರುವೆಯನ್ನು ಹತೋಟಿಯಲ್ಲಿಡಿ.

4. ಅನುಮಾನ ಬಂದರೆ ತಿಗಣೆ, ಮಮ್ಮಿ ಇರುವ ರೆಂಬೆಯ ತುಂಡನ್ನು ಗಾಜಿನ ಸೀಸೆಯಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಊರು, ದಿನ, ಗಿಡದ ಹೆಸರನ್ನು ಸೀಸದ ಕಡ್ಡಿಯಲ್ಲಿ ಬರೆದಿಡಿ. ಕಾಫಿಯಾದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಅಡಿಕೆಯಾದರೆ ವಿಟ್ಲದ ಸಂಶೋಧನಾ ಕೇಂದ್ರ, ರಾಯಚೂರು ಕಡೆಯವರಾದರೆ ಅಲ್ಲಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ತಲುಪಿಸಿ.

ಪ್ರತಿ ಹೊಸ ಪ್ರಭೇದದ ವರ್ಣನೆಯೂ ಯಾರೋ ಒಬ್ಬರು ಹೊಲದಲ್ಲೋ ತೋಟದಲ್ಲೋ ಬಗ್ಗಿ ನೋಡಿ, ಸೀಸೆಯಲ್ಲಿ ಹಿಡಿದು, ಚೀಟಿ ಬರೆದಿದ್ದರಿಂದಲೇ ಆರಂಭವಾಗುತ್ತದೆ. ಆ ಮೊದಲ ಕೆಲಸಕ್ಕೆ ಪದವಿ ಬೇಡ, ಕಣ್ಣು ಸಾಕು. ಅದು ನಮ್ಮ ಬೆಳೆಗಾರರಲ್ಲಿ ಇದೆ.