ತಂತ್ರಾಂಶ ನಿರ್ಮಾಣ: ವೇಗ ಮತ್ತು ವಿಶ್ವಾಸಾರ್ಹತೆ

ಗಣಕಯಂತ್ರದ ಕ್ರಮವಿಧಿಗಳನ್ನು ಮನುಷ್ಯರು ಓದಬಲ್ಲ ಭಾಷೆಯಲ್ಲಿ, ಅನೇಕ ಕಡತಗಳಲ್ಲಿ ಬರೆಯಲಾಗುತ್ತದೆ. ಅವುಗಳನ್ನು ಯಂತ್ರಭಾಷೆಗೆ ಪರಿವರ್ತಿಸಿ, ಜೋಡಿಸಿ, ಪರೀಕ್ಷಿಸಿ, ಬಳಕೆಗೆ ಸಿದ್ಧಪಡಿಸುವ ಕಾರ್ಯಕ್ಕೆ ‘ಬಿಲ್ಡ್’ ಅಥವಾ ನಿರ್ಮಾಣ ಎಂದು ಹೆಸರು. ಬ್ಯಾಂಕು, ಆಸ್ಪತ್ರೆ, ರೈಲ್ವೆಗಳ ತಂತ್ರಾಂಶದಲ್ಲಿ ಭದ್ರತಾ ದೋಷ ಕಂಡುಬಂದಾಗ, ತಿದ್ದುಪಡಿಯು ಬೇಗ ಸಿದ್ಧವಾಗಬೇಕು. ಅದು ಸರಿಯಾಗಿಯೂ ಇರಬೇಕು. ಈ ಎರಡೂ ಗುಣಗಳಿಗೆ ಆಧಾರ ಒಂದೇ: ಯಾವ ಭಾಗವು ಯಾವುದನ್ನು ಅವಲಂಬಿಸಿದೆ ಎಂಬುದರ ನಿಖರ ದಾಖಲೆ.

ಅವಲಂಬನೆಯ ಸರಪಳಿ

ದೆಹಲಿಯ ಮಯೂರ್ ವಿಹಾರ್ ಬಡಾವಣೆಯ ಮೆಟ್ರೋ ಮಾರ್ಗವು ಇದಕ್ಕೆ ಉತ್ತಮ ನಿದರ್ಶನ. ಗುಲಾಬಿ ಮಾರ್ಗದ ತ್ರಿಲೋಕಪುರಿ–ಶಿವ ವಿಹಾರ್ ಭಾಗವು 2018ರ ಅಕ್ಟೋಬರ್ 31ರಂದು, ಲಾಜಪತ್ ನಗರ–ಮಯೂರ್ ವಿಹಾರ್ ಪಾಕೆಟ್ 1 ಭಾಗವು ಅದೇ ವರ್ಷದ ಡಿಸೆಂಬರ್ 31ರಂದು ತೆರೆದವು. ಇವೆರಡರ ನಡುವಿನ ಕಿರಿದಾದ ಅಂತರವು ಭೂಮಿ ಮತ್ತು ಪುನರ್ವಸತಿಯ ತೊಡಕಿನಿಂದ ಉಳಿದುಕೊಂಡಿತು. 2021ರ ಆಗಸ್ಟ್ 6ರಂದು ಅದು ತುಂಬಿದ ಮೇಲೆಯೇ ಮಾರ್ಗವು ಅಖಂಡವಾಯಿತು. ಬೇರೆಡೆ ಎಷ್ಟು ತ್ವರೆ ಮಾಡಿದ್ದರೂ ಫಲವಿರುತ್ತಿರಲಿಲ್ಲ.

ನಿರ್ಮಾಣದಲ್ಲಿಯೂ ಹೀಗೆಯೇ. ಒಟ್ಟು 60 ನಿಮಿಷಗಳ ಕೆಲಸದಲ್ಲಿ, ಒಂದರ ನಂತರ ಒಂದಾಗಿಯೇ ನಡೆಯಬೇಕಾದ ಹಂತಗಳು 12 ನಿಮಿಷ ಹಿಡಿಯುತ್ತವೆ ಎಂದು ಭಾವಿಸೋಣ. ಎಷ್ಟೇ ಗಣಕಗಳನ್ನು ತೊಡಗಿಸಿದರೂ 12 ನಿಮಿಷಕ್ಕಿಂತ ಬೇಗ ಮುಗಿಯದು. ಆದ್ದರಿಂದ ಮೊದಲು ಪ್ರತಿ ಹಂತದ ಕಾಲವನ್ನು ಅಳೆದು, ಅತಿ ದೀರ್ಘ ಸರಪಳಿಯನ್ನು ಗುರುತಿಸಿ, ಅದನ್ನು ಕಡಿಮೆ ಮಾಡಬೇಕು.

ವೇಗದ ಉಪಾಯಗಳು

1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ಅವರು ‘ಮೇಕ್’ ಎಂಬ ಸಾಧನವನ್ನು ರೂಪಿಸಿದರು. ಕಡತಗಳ ಕಾಲಮುದ್ರೆಗಳನ್ನು ಹೋಲಿಸಿ, ಬದಲಾದುದನ್ನೂ ಅದನ್ನು ಅವಲಂಬಿಸಿದುದನ್ನೂ ಮಾತ್ರ ಅದು ಪುನಃ ನಿರ್ಮಿಸುತ್ತದೆ. ಪರಸ್ಪರ ಸಂಬಂಧವಿಲ್ಲದ ಹಂತಗಳನ್ನು ಏಕಕಾಲದಲ್ಲಿ ನಡೆಸುವುದು ಎರಡನೆಯ ಉಪಾಯ. ಒಮ್ಮೆ ಪಡೆದ ಫಲಿತಾಂಶವನ್ನು ಸಂಗ್ರಹಿಸಿಟ್ಟು ಮರಳಿ ಬಳಸುವುದು ಮೂರನೆಯದು.

ವಿಶ್ವಾಸಾರ್ಹತೆಯ ನಿಯಮಗಳು

ದಾಖಲಾಗದ ಅವಲಂಬನೆಯೇ ದೋಷಗಳ ತವರು. ಒಂದು ಕಡತ ಬದಲಾದರೂ ಸಾಧನಕ್ಕೆ ಅದು ತಿಳಿಯದಿದ್ದರೆ, ಹಳೆಯ ಭಾಗವು ಹೊಸದರೊಡನೆ ಸೇರಿಕೊಳ್ಳುತ್ತದೆ. ಏಕಕಾಲದಲ್ಲಿ ನಡೆಯುವ ಹಂತಗಳು ಕೆಲವೊಮ್ಮೆ ಮಾತ್ರ ವಿಫಲವಾಗುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಆಗ ಕೆಲಸಗಾರರು ‘ಇನ್ನೊಮ್ಮೆ ನಡೆಸಿ ನೋಡೋಣ’ ಎನ್ನುವ ಅಭ್ಯಾಸಕ್ಕೆ ಬೀಳುತ್ತಾರೆ. ನಿಜವಾದ ಎಚ್ಚರಿಕೆಯೂ ಅಲಕ್ಷ್ಯಕ್ಕೆ ಗುರಿಯಾಗುತ್ತದೆ.

ಆದುದರಿಂದ:

1. ಪ್ರತಿ ಅವಲಂಬನೆಯನ್ನೂ ಸ್ಪಷ್ಟವಾಗಿ ಬರೆಯಬೇಕು.
2. ಕಂಪೈಲರ್ ಮತ್ತು ಇತರ ಸಾಧನಗಳ ಆವೃತ್ತಿಯನ್ನು ನಿಗದಿಪಡಿಸಬೇಕು.
3. ಸಂಗ್ರಹಿಸಿದ ಫಲಿತಾಂಶವನ್ನು ಕಾಲಮುದ್ರೆಗಿಂತ ಕಡತದ ಒಳವಸ್ತುವಿನಿಂದ ಗುರುತಿಸುವುದು ಲೇಸು.
4. ಆಗಾಗ ಎಲ್ಲವನ್ನೂ ಅಳಿಸಿ, ಮೊದಲಿನಿಂದ ನಿರ್ಮಿಸಿ ಹೋಲಿಸಬೇಕು.

ಒಂದೇ ಮೂಲದಿಂದ ಎರಡು ಗಣಕಗಳಲ್ಲಿ ನಿರ್ಮಿಸಿದ ತಂತ್ರಾಂಶವು ಅಕ್ಷರಶಃ ಒಂದೇ ಆಗಿರಬೇಕೆಂಬ ಗುರಿಯಿಂದ ಡೆಬಿಯನ್ ಯೋಜನೆಯು 2013ರಿಂದ ಶ್ರಮಿಸುತ್ತಿದೆ. ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಭಾಷೆಗಳ ಬಳಕೆದಾರರಿಗಾಗಿ ರೂಪಿಸಿದ ‘ಬಾಸ್’ ಕಾರ್ಯಾಚರಣ ವ್ಯವಸ್ಥೆಗೂ ಡೆಬಿಯನ್ ಆಧಾರವಾಗಿದೆ. ಹೀಗೆ ಹೋಲಿಸಿ ನೋಡುವ ಅವಕಾಶವಿದ್ದರೆ, ನಿರ್ಮಾಣದ ನಡುವೆ ಯಾರಾದರೂ ಕಲಬೆರಕೆ ಮಾಡಿದರೆ ಅದು ಬಯಲಾಗುತ್ತದೆ.

ಅಭ್ಯಾಸ

1. ಮೇಲಿನ ಉದಾಹರಣೆಯಲ್ಲಿ ಗಣಕಗಳ ಸಂಖ್ಯೆಯನ್ನು ಹೆಚ್ಚಿಸಿದರೂ 12 ನಿಮಿಷ ಕಡಿಮೆಯಾಗದೇಕೆ?
2. ಅವಲಂಬನೆಯೊಂದನ್ನು ದಾಖಲಿಸದೆ ಬಿಟ್ಟರೆ ಉಂಟಾಗುವ ಎರಡು ಹಾನಿಗಳನ್ನು ತಿಳಿಸಿರಿ.