ಕರಿಯನಿಗೆ ಕೊಂಚ ಕಾಲ ಕೊಡು

ಪ್ರೀತಿಯ ಮಗಳೇ,

ಮೈಸೂರಿನ ಸರಸ್ವತಿಪುರಂ ಮನೆಗೆ ಬೀದಿಯ ಬೆಕ್ಕಿನ ಮರಿಯೊಂದು ಬಂದಿದೆ, ಆರು ವರ್ಷದ ಬೆಕ್ಕು ಕರಿಯ ಬುಸುಗುಟ್ಟಿ ಅಟ್ಟ ಹತ್ತಿ ಕೂತಿದ್ದಾನೆ ಎಂಬ ಸುದ್ದಿ ತಲುಪಿತು. ಹೊಟ್ಟೆಕಿಚ್ಚಿನವನು ಎಂದು ಅವನನ್ನು ಯಾರೂ ಬೈಯದಿರಲಿ. ಇಷ್ಟು ವರ್ಷ ಬಾಗಿಲ ಚೌಕಟ್ಟು, ಕುರ್ಚಿಯ ಕಾಲು, ಮನೆಯವರ ಮೊಣಕಾಲಿಗೆಲ್ಲ ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚಿಟ್ಟಿದ್ದಾನೆ. ಬೆಕ್ಕು ತನ್ನ ಮನೆಯನ್ನು ಗುರುತು ಹಿಡಿಯುವುದೇ ಆ ವಾಸನೆಯಿಂದ. ಅದರ ನಡುವೆ ಒಂದೇ ಸಂಜೆಗೆ ಗೊತ್ತಿಲ್ಲದ ವಾಸನೆಯೊಂದು ಓಡಾಡತೊಡಗಿದರೆ ಅವನು ಇನ್ನೇನು ಮಾಡಿಯಾನು?

ದಸರಾ ಆನೆಗಳನ್ನು ನೋಡುತ್ತ ಬೆಳೆದವಳು ನೀನು. ಕಾಡಿನ ಶಿಬಿರದಿಂದ ಬಂದ ಆನೆಯ ಬೆನ್ನಿಗೆ ಮಾರನೇ ದಿನವೇ 750 ಕೆ.ಜಿ.ಯ ಅಂಬಾರಿ ಏರಿಸುತ್ತಾರೆಯೇ? ಮೊದಲು ಅರಮನೆಯಿಂದ ಬನ್ನಿಮಂಟಪದ ಕಡೆಗೆ ಬರಿಬೆನ್ನಲ್ಲಿ ನಡಿಗೆ, ಆಮೇಲೆ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ. ಕುಶಾಲತೋಪಿನ ಸದ್ದಿಗೆ ಬೇರೆಯೇ ತಾಲೀಮು. ಕರಿಯನಿಗೂ ಅಂಥದೇ ನಿಧಾನ ಸಲ್ಲಬೇಕು.

ಮರಿ ಮೊದಲು ಒಂದು ಕೋಣೆಯಲ್ಲಿರಲಿ. ಊಟ, ನೀರು, ಮರಳಿನ ತಟ್ಟೆ, ಅವಿತುಕೊಳ್ಳಲು ಒಂದು ರಟ್ಟಿನ ಡಬ್ಬ, ಎಲ್ಲ ಅಲ್ಲೇ. ಇದು ಇಬ್ಬರ ಆರೋಗ್ಯಕ್ಕೂ ಅಗತ್ಯ. ಮೈಸೂರು ಮೃಗಾಲಯದಲ್ಲೂ ಹೊರಗಿನಿಂದ ಬಂದ ಪ್ರಾಣಿಯನ್ನು ಮೊದಲು ಪ್ರತ್ಯೇಕವಾಗಿಡುತ್ತಾರೆ. 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದ ಚೀತಾಗಳಿಗೂ ಅದೇ ನಿಯಮ. ಬೀದಿಯ ಮರಿಗಳನ್ನು ಬಲಿ ತೆಗೆದುಕೊಳ್ಳುವ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ತಿಂಗಳುಗಟ್ಟಲೆ ನೆಲದಲ್ಲೇ ಬದುಕಿರಬಲ್ಲದು. ಆರರಿಂದ ಎಂಟು ವಾರ ತುಂಬಿದ ಮರಿಗೆ ಲಸಿಕೆ ಶುರು ಮಾಡಿಸು. ಕರಿಯನ ಲಸಿಕೆಯ ಚೀಟಿಯನ್ನೂ ತೆಗೆದು ನೋಡು.

ಮುಂದಿನದೆಲ್ಲ ಮೂಗಿನ ಕೆಲಸ. ಮರಿ ಮಲಗಿದ ಹಳೇ ಪಂಚೆಯ ತುಂಡು ಕರಿಯನ ಬಳಿಗೆ ಹೋಗಲಿ, ಅವನು ಮಲಗಿದ್ದು ಮರಿಯ ಬಳಿಗೆ ಬರಲಿ. ಮುಚ್ಚಿದ ಬಾಗಿಲ ಎರಡೂ ಬದಿಗೆ ಊಟದ ತಟ್ಟೆ ಇಡು. ಮೊದಲು ದೂರ, ದಿನ ಕಳೆದಂತೆ ಹತ್ತಿರ. ಆ ವಾಸನೆ ಬಂದಾಗಲೆಲ್ಲ ಮೀನೂ ಸಿಗುತ್ತದೆ ಎಂದು ಕರಿಯನಿಗೆ ಮನದಟ್ಟಾಗಬೇಕು. ಇಬ್ಬರೂ ನಿಶ್ಚಿಂತೆಯಿಂದ ತಿನ್ನತೊಡಗಿದ ಮೇಲೆ ಸೊಳ್ಳೆಜಾಲರಿಯ ಬಾಗಿಲಿನಾಚೆಯಿಂದ ಮುಖದರ್ಶನ. ಒಂದೇ ಕೋಣೆಯಲ್ಲಿ ಹತ್ತು ನಿಮಿಷ ಕಳೆಯುವುದು ಅದಾದ ಮೇಲೆಯೇ.

ಬುಸುಗುಟ್ಟುವುದು, ಉಗುರು ಮಡಚಿ ಮರಿಯ ತಲೆಗೊಂದು ತಟ್ಟುವುದು, ಇವೆಲ್ಲ ಬೆಕ್ಕಿನ ಮಾತು, ತಡೆಯಬೇಡ. ಕಿವಿ ಚಪ್ಪಟೆ ಮಾಡಿ ಕಣ್ಣು ಮಿಟುಕಿಸದೆ ದಿಟ್ಟಿಸಿದರೆ ಮಾತ್ರ ನಡುವೆ ರಟ್ಟು ಅಡ್ಡ ಹಿಡಿ, ಕೈ ಹಾಕಬೇಡ. ಎರಡು ಬೆಕ್ಕಿಗೆ ಮೂರು ಮರಳಿನ ತಟ್ಟೆ ಬೇಕು. ಅಟ್ಟ ಕರಿಯನದೇ ಆಗಿರಲಿ.

ಕೆಲವು ಜೋಡಿಗೆ ವಾರ ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು. ಕೆಲವು ಎಂದೂ ಒಂದೇ ಚಾಪೆಯಲ್ಲಿ ಮಲಗುವುದಿಲ್ಲ. ಜಗಳವಿಲ್ಲದೆ ಬಾಳಿದರೆ ಅದೂ ಗೆಲುವೇ.

ಒಂದು ಕಣ್ಣು ಕರಿಯನ ತಟ್ಟೆಯ ಮೇಲಿರಲಿ. ದೊಡ್ಡ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರಬಹುದು. ಒಂದು ಪೂರ್ತಿ ದಿನ ತುತ್ತು ಮುಟ್ಟದಿದ್ದರೆ ಪಶುವೈದ್ಯರಲ್ಲಿಗೆ ಕರೆದುಕೊಂಡು ಹೋಗು. ಈ ಪತ್ರ ಓದಿದ ಕೂಡಲೇ ಮರಿಯನ್ನು ಕೋಣೆಗೆ ಸೇರಿಸು, ರಾತ್ರಿಯ ಊಟ ಮೊದಲು ಕರಿಯನಿಗೆ ಬಡಿಸು.

ಇಂತಿ,
ನಿನ್ನ ದೊಡ್ಡಮ್ಮ