ಕಂಡದ್ದನ್ನು ಬರೆದಿಡು

ದೂರದರ್ಶಕ ಕೊಳ್ಳಬೇಕೆನ್ನುವ ಹುಡುಗ ಹುಡುಗಿಯರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ‘ಮೇಷ್ಟ್ರೇ, ಇದು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತೆ?’ ನಿನ್ನದೂ ಅದೇ ಪ್ರಶ್ನೆಯಾದ್ದರಿಂದ ಅಲ್ಲಿಂದಲೇ ಶುರು ಮಾಡೋಣ. ಡಬ್ಬಿಯ ಮೇಲೆ ‘525 ಪಟ್ಟು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬಾ. ಕಣ್ಣಿನ ಕಡೆಯ ಮಸೂರವನ್ನು ಬದಲಿಸುತ್ತ ಹೋದರೆ ಯಾವ ದೂರದರ್ಶಕವೂ ಎಷ್ಟು ಬೇಕಾದರೂ ಹಿಗ್ಗಿಸೀತು. ಆದರೆ ಹಿಗ್ಗಿದಷ್ಟೂ ಚಿತ್ರ ಮಸುಕಾಗುತ್ತದೆ. ಮುಂದಿನ ಮಸೂರದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು ಎರಡರಿಂದ ಗುಣಿಸು, ಹೆಚ್ಚುಕಡಿಮೆ ಅದೇ ಅದರ ಮಿತಿ. 60 ಮಿಲಿಮೀಟರ್ ಅಗಲದ್ದಾದರೆ 120 ಪಟ್ಟು. ಅದರಾಚೆ ಹೊಸದೇನೂ ಕಾಣುವುದಿಲ್ಲ.

ಹಾಗಾಗಿ ಕೇಳಬೇಕಾದದ್ದು ಅಗಲ ಎಷ್ಟು ಎಂದು. ಸೂರಿನಡಿ ಚೊಂಬಿಟ್ಟರೆ ಎಷ್ಟು ಮಳೆನೀರು, ಕೊಪ್ಪರಿಗೆ ಇಟ್ಟರೆ ಎಷ್ಟು? ಬೆಳಕಿನ ಲೆಕ್ಕವೂ ಹಾಗೆಯೇ. ಕತ್ತಲೆಗೆ ಹೊಂದಿಕೊಂಡ ಎಳೆಯ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅಗಲ. 150 ಮಿಲಿಮೀಟರಿನ ಕನ್ನಡಿ ಅದಕ್ಕಿಂತ ಸುಮಾರು 450 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ವಿಜ್ಞಾನಿಗಳು ದೊಡ್ಡ ದೊಡ್ಡ ಕನ್ನಡಿಗಳಿಗಾಗಿ ಹೆಣಗುವುದೂ ಈ ಬೆಳಕಿಗಾಗಿಯೇ. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿ 6.5 ಮೀಟರ್ ಅಗಲ. ಅಷ್ಟಗಲದ್ದು ರಾಕೆಟ್ಟಿನ ತುದಿಯಲ್ಲಿ ಹಿಡಿಸದೆ, ಅದನ್ನು 18 ತುಂಡುಗಳಾಗಿ ಮಾಡಿ, ಮಡಚಿ ಕಳುಹಿಸಿದರು.

ಹಾಗೆಂದು ನಾಳೆಯೇ ದುಡ್ಡು ಹಿಡಿದುಕೊಂಡು ಓಡಬೇಡ. ಮೊದಲು ಬರಿಗಣ್ಣಿನಿಂದ ಆಕಾಶದ ಪರಿಚಯವಾಗಲಿ. ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ ಎಂಬ ಮಳೆಗಳ ಹೆಸರು ಊರಿನ ರೈತರ ಬಾಯಲ್ಲಿ ಕೇಳಿದ್ದೀಯ. ಸೂರ್ಯ ಯಾವ ನಕ್ಷತ್ರದಲ್ಲಿರುತ್ತಾನೋ ಆಗ ಬೀಳುವ ಮಳೆಗೆ ಆ ಹೆಸರು. ಆದ್ದರಿಂದಲೇ ಮೇ ತಿಂಗಳಲ್ಲಿ ಕೃತ್ತಿಕೆ ಮಳೆ ಸುರಿಯುವಾಗ ಕೃತ್ತಿಕಾ ನಕ್ಷತ್ರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ನೋಡಬೇಕೆಂದರೆ ಕಾರ್ತಿಕ ಮಾಸದ ರಾತ್ರಿಗೆ ಕಾಯಬೇಕು. ಇಷ್ಟು ತಿಳಿಯದವನ ಕೈಗೆ ಎಂಥ ಯಂತ್ರ ಕೊಟ್ಟರೂ ಎತ್ತ ತಿರುಗಿಸಬೇಕೆಂದು ಗೊತ್ತಾಗದೆ ವಾರದಲ್ಲಿ ಅಟ್ಟ ಸೇರುತ್ತದೆ. ಒಂದು ವರ್ಷ ಬರಿಗಣ್ಣು, ಆಮೇಲೆ ಒಂದು ಒಳ್ಳೆಯ ಬೈನಾಕ್ಯುಲರ್. ಅಲುಗದಂತೆ ಹಿಡಿದರೆ ಚಂದ್ರನ ಕುಳಿಗಳೂ ಗುರುಗ್ರಹದ ಉಪಗ್ರಹಗಳೂ ಅದರಲ್ಲೇ ಕಾಣುತ್ತವೆ. ಅಷ್ಟಾದ ಮೇಲೂ ಆಸೆ ಉಳಿದಿದ್ದರೆ ಮರದ ಪೀಠದ ಮೇಲೆ ಕೂರುವ ಸರಳ ಡಾಬ್ಸೋನಿಯನ್ ದೂರದರ್ಶಕ ಕೊಂಡುಕೋ.

ಎರಡು ಎಚ್ಚರಿಕೆಗಳಿವೆ. ಮುಂಭಾಗಕ್ಕೆ ಸರಿಯಾದ ಸೌರ ಫಿಲ್ಟರ್ ಹಾಕದೆ ದೂರದರ್ಶಕವನ್ನಾಗಲಿ ಬೈನಾಕ್ಯುಲರನ್ನಾಗಲಿ ಸೂರ್ಯನತ್ತ ತಿರುಗಿಸಲೇಬೇಡ. ಕ್ಷಣಮಾತ್ರದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಎರಡನೆಯದು ನಿರಾಸೆಯ ಬಗ್ಗೆ. ಹಬಲ್ ದೂರದರ್ಶಕದ ಬಣ್ಣದ ಚಿತ್ರ ನೋಡಿ ಬೆಳೆದ ನಿನಗೆ ದೇವಯಾನಿ ಗೆಲಾಕ್ಸಿ ಬೂದುಬಣ್ಣದ ಮಬ್ಬಿನಂತೆ ಕಾಣುತ್ತದೆ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಸಿಕೊಳ್ಳಬಲ್ಲದು, ಕಣ್ಣಿಗೆ ಅದು ಸಾಧ್ಯವಿಲ್ಲ. ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣವೂ ತಿಳಿಯದು. ಆದರೆ ಆ ಮಬ್ಬು 25 ಲಕ್ಷ ವರ್ಷಗಳ ಹಿಂದೆ ಹೊರಟ ಬೆಳಕು ಎಂಬುದನ್ನು ನೆನೆದು ಇನ್ನೊಮ್ಮೆ ನೋಡು. ಅರ್ಧ ಗಂಟೆ ಕತ್ತಲಲ್ಲಿ ಕುಳಿತು, ಮೊಬೈಲನ್ನು ಜೇಬಿನಲ್ಲೇ ಬಿಟ್ಟು, ನೇರವಾಗಿ ನೋಡದೆ ತುಸು ಓರೆಯಾಗಿ ನೋಡು. ಆಗ ಹೆಚ್ಚು ಕಾಣುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ದೂರದರ್ಶಕದಷ್ಟೇ ದೊಡ್ಡ ಉಪಕರಣ ನೋಟ್‌ಬುಕ್. 1610ರ ಜನವರಿ 7ರಂದು ಗೆಲಿಲಿಯೊ ಗುರುವಿನ ಪಕ್ಕದಲ್ಲಿ ಮೂರು ಚುಕ್ಕಿಗಳನ್ನು ಕಂಡ. ಅವನ ದೂರದರ್ಶಕ ಸುಮಾರು 20 ಪಟ್ಟು ಹಿಗ್ಗಿಸುತ್ತಿತ್ತು, ಇಂದಿನ ಸಾಧಾರಣ ಯಂತ್ರಕ್ಕೂ ಅದು ಸಮವಲ್ಲ. ಆದರೆ ಅವನು ಕಂಡದ್ದನ್ನು ರಾತ್ರಿಯಿಂದ ರಾತ್ರಿಗೆ ಚಿತ್ರ ಬರೆದಿಟ್ಟ. ಚುಕ್ಕಿಗಳು ಜಾಗ ಬದಲಿಸುತ್ತಿದ್ದವು. 13ನೇ ತಾರೀಕಿನ ಹೊತ್ತಿಗೆ ನಾಲ್ಕನೆಯದೂ ಕಂಡಿತ್ತು. ಅವು ಸುತ್ತುತ್ತಿದ್ದದ್ದು ಗುರುವನ್ನು. ಎಲ್ಲವೂ ಭೂಮಿಯನ್ನೇ ಸುತ್ತುತ್ತವೆ ಎಂಬ ನಂಬಿಕೆಗೆ ಆ ಕೆಲವು ಹಾಳೆಗಳು ಪೆಟ್ಟು ಕೊಟ್ಟವು.

ಅದೇ ಗೆಲಿಲಿಯೊ 1612ರ ಡಿಸೆಂಬರಿನಲ್ಲೂ ಮುಂದಿನ ತಿಂಗಳಲ್ಲೂ ನೆಪ್ಚೂನನ್ನು ಕಂಡಿದ್ದ, ನಕ್ಷತ್ರವೆಂದುಕೊಂಡು ಗುರುತು ಹಾಕಿದ್ದ. ಅದು ತುಸು ಸರಿದಂತಿದೆ ಎಂದೂ ಟಿಪ್ಪಣಿ ಮಾಡಿದ್ದ, ಆದರೆ ಬೆನ್ನು ಹತ್ತಲಿಲ್ಲ. ಆ ಗ್ರಹ ಪತ್ತೆಯಾದದ್ದು 1846ರಲ್ಲಿ. ಯುರೇನಸ್ಸಿನ ಕಥೆಯೂ ಹೀಗೆಯೇ. 1690ರಲ್ಲೇ ಇಂಗ್ಲೆಂಡಿನ ಫ್ಲ್ಯಾಮ್‌ಸ್ಟೀಡ್ ಅದನ್ನು ನಕ್ಷತ್ರವೆಂದು ಪಟ್ಟಿಗೆ ಸೇರಿಸಿದ್ದ. 1781ರ ಮಾರ್ಚ್ 13ರಂದು ಬಾತ್ ಊರಿನ ಸಂಗೀತಗಾರ ವಿಲಿಯಂ ಹರ್ಷೆಲ್, ತಾನೇ ಉಜ್ಜಿ ನಯಗೊಳಿಸಿದ ಕನ್ನಡಿಯಲ್ಲಿ ಅದನ್ನು ನೋಡಿ, ಉಳಿದ ಚುಕ್ಕಿಗಳಂತಿಲ್ಲವಲ್ಲ ಎಂದುಕೊಂಡ. ನಾಲ್ಕು ದಿನ ಬಿಟ್ಟು ಮತ್ತೆ ನೋಡಿದ. ಅದು ಸರಿದಿತ್ತು. ಮೊದಲು ಧೂಮಕೇತುವೆಂದು ತಿಳಿದ ಅದು ಗ್ರಹವೆಂದು ಖಚಿತವಾಯಿತು.

ಕಾಲ ಬದಲಾದರೂ ಈ ಪಾಠ ಬದಲಾಗಿಲ್ಲ. 1967ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಸಹೋದ್ಯೋಗಿಗಳೊಂದಿಗೆ ಕಂಬ ನೆಟ್ಟು, ತಂತಿ ಎಳೆದು ರೇಡಿಯೊ ದೂರದರ್ಶಕ ಕಟ್ಟಿದಳು. ಅದು ದಿನಕ್ಕೆ ಸುಮಾರು 30 ಮೀಟರ್ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅದರಲ್ಲಿ ಬೆರಳಗಲವೂ ಇಲ್ಲದ ಒಂದು ಗೀಚನ್ನು ಅವಳು ಬಿಟ್ಟುಬಿಡಲಿಲ್ಲ. 1.33 ಸೆಕೆಂಡಿಗೊಮ್ಮೆ ರೇಡಿಯೊ ಅಲೆಯಲ್ಲಿ ಮಿಡಿಯುವ ನಕ್ಷತ್ರ, ಅಂದರೆ ಮೊದಲ ಪಲ್ಸಾರ್, ಸಿಕ್ಕಿದ್ದು ಹಾಗೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾಯುವುದನ್ನು ಹಲವೆಡೆ ಕಾದು ನೋಡುತ್ತಿದ್ದಾಗ, ನಕ್ಷತ್ರದ ಬೆಳಕು ಕ್ಷಣಕಾಲ ಕುಂದಿ ಗ್ರಹದ ಉಂಗುರಗಳ ಸುಳಿವು ಸಿಕ್ಕಿತು. ತಮಿಳುನಾಡಿನ ಕಾವಲೂರು ವೀಕ್ಷಣಾಲಯದ 1 ಮೀಟರ್ ದೂರದರ್ಶಕದ ದಾಖಲೆಯಲ್ಲೂ ಆ ಕುಂದು ಮೂಡಿತ್ತು.

ಆ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಚಂದ್ರ ದೂರದರ್ಶಕವನ್ನು ಹೊಸಕೋಟೆಯಿಂದಲೇ, ಉಪಗ್ರಹದ ಸಂಪರ್ಕದ ಮೂಲಕ ಚಲಾಯಿಸುತ್ತಾರೆ. ಗೌರಿಬಿದನೂರಿನ ಬಯಲಿನಲ್ಲಿ ರೇಡಿಯೊ ಅಲೆ ಹಿಡಿಯುವ ಆಂಟೆನಾಗಳ ಸಾಲಿದೆ. ಇವೆಲ್ಲ ನಿನ್ನ ಊರಿನಿಂದ ಬಸ್ಸು ಹತ್ತಿ ಹೋಗುವಷ್ಟು ಹತ್ತಿರದಲ್ಲಿ ನಡೆಯುತ್ತಿರುವ ಕೆಲಸ. ಇಲ್ಲಿ ಬೇಕಾಗಿರುವವರಲ್ಲಿ ಗಣಿತ ಬಲ್ಲವರಿದ್ದಾರೆ, ಕನ್ನಡಿ ಉಜ್ಜುವವರಿದ್ದಾರೆ, ಎಲೆಕ್ಟ್ರಾನಿಕ್ಸ್ ಬಲ್ಲವರಿದ್ದಾರೆ, ಪ್ರೋಗ್ರಾಂ ಬರೆಯುವವರಿದ್ದಾರೆ. ಈ ದಾರಿಯಲ್ಲಿ ಹೋಗುವ ಮನಸ್ಸಿದ್ದರೆ ಅದರಲ್ಲಿ ಯಾವುದಾದರೂ ಒಂದನ್ನು ಚೆನ್ನಾಗಿ ಕಲಿ. ‘ನನಗೆ ಆಕಾಶ ಇಷ್ಟ’ ಎನ್ನುವುದೊಂದೇ ಸಾಲದು.

ಯಂತ್ರ ಇವತ್ತಲ್ಲ ನಾಳೆ ಸಿಗುತ್ತದೆ. ಹತ್ತು ರೂಪಾಯಿಯ ನೋಟ್‌ಬುಕ್ಕಿಗೆ ಯಾರನ್ನೂ ಕೇಳಬೇಕಾಗಿಲ್ಲ. ತಾರೀಕು, ಹೊತ್ತು, ಮೋಡ ಇತ್ತೋ ಇಲ್ಲವೋ, ಏನು ಕಂಡಿತು ಎಂಬುದನ್ನು ಬರಿ. ಅರ್ಥವಾಗದ್ದು ಕಂಡರೆ ಅದನ್ನು ಮೊದಲು ಬರಿ, ಮಾರನೆಯ ರಾತ್ರಿ ಮತ್ತೆ ನೋಡು. ಈ ರಾತ್ರಿಯೇ ಶುರು ಮಾಡು.